ಸೀಗಡಿ ಮೇವಿನ ಚಾರ್ಟ್ ನಂಬಿ 50 ಕೆ.ಜಿ. ಚೀಲ ತರೋಕೆ ಮುಂಚೆ ಒಂದು ಕೆ.ಜಿ. ಪುಡಿಯಲ್ಲಿ ಪರೀಕ್ಷೆ ಮಾಡಿ



ಹೋದ ವಾರ ಅಜ್ಜಂಪುರ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ. ಬಣ್ಣಬಣ್ಣದ ಚಾರ್ಟ್. ಕಪ್ಪು ಸೈನಿಕ ನೊಣದ ಹುಳ, ಅಂದ್ರೆ ಈಗ ಎಲ್ಲರೂ ಬಿಎಸ್‌ಎಫ್ ಅನ್ನೋ ಹುಳದ ಪುಡಿಯ ಜಾಹೀರಾತು ಅದು. ಕೆಳಗೆ ದಪ್ಪ ಅಕ್ಷರದಲ್ಲಿ ‘ಸೀಗಡಿಯಲ್ಲಿ ಪರೀಕ್ಷಿಸಲಾಗಿದೆ, ಮೀನುಪುಡಿಗೆ 100% ಬದಲಿ’ ಅಂತ ಬರೆದಿತ್ತು. ಹಿಂದೆಯೇ ಫೋನ್ ಬಂತು.

“ಅಣ್ಣಾ, ಇದನ್ನ ಹೊಂಡದ ಮೀನಿಗೆ ಹಾಕ್ಬೋದಾ? ಕಡ್ಲೆಹಿಂಡಿಗಿಂತ ಒಳ್ಳೇದಂತೆ. 50 ಕೆ.ಜಿ. ಚೀಲ ತಗೊಂಡ್ರೆ ರೇಟ್ ಕಮ್ಮಿ ಮಾಡ್ತೀನಿ ಅಂದ್ರು.”

“ನಿನ್ನ ಹೊಂಡದಲ್ಲಿ ಸೀಗಡಿ ಇದೆಯೇನಪ್ಪಾ?”

“ಇಲ್ಲಣ್ಣಾ, ಗೆಂಡೆ ಇದೆ, ಸ್ವಲ್ಪ ರೋಹು ಇದೆ.”

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಸೀಗಡಿ ಸಾಕೋರು ಯಾರೂ ನನಗೆ ಗೊತ್ತಿಲ್ಲ. ಅದು ಕುಮಟಾ, ಅಂಕೋಲಾ, ಕುಂದಾಪುರದ ಉಪ್ಪುನೀರಿನ ಕೆಲಸ. ಕುಂದಾಪುರದ ಕಡೆ ಚಟ್ಲಿ ಅಂತಾರೆ, ತುಳುವಿನಲ್ಲಿ ಎಟ್ಟಿ. ಆದ್ರೆ ಅವರ ಮೇವಿನ ಸಂಶೋಧನೆ ಈಗ ನಮ್ಮ ಫೋನಿಗೆ ಜಾಹೀರಾತಾಗಿ ಬರ್ತಾ ಇದೆ. ನಮ್ಮಲ್ಲೂ ಕೃಷಿ ಭಾಗ್ಯ ಯೋಜನೆ ಬಂದಮೇಲೆ ಪ್ಲಾಸ್ಟಿಕ್ ಹಾಸಿದ ಹೊಂಡಗಳಾದವು. ತೋಟಕ್ಕೆ ನೀರು ಬಿಡೋ ಹೊಂಡದಲ್ಲೇ ಮೀನು ಬಿಟ್ಟವರು ಬಹಳ ಜನ ಇದ್ದಾರೆ, ನಾನೂ ಅವರಲ್ಲೊಬ್ಬ. ಆ ಚಾರ್ಟ್ ಎಲ್ಲಿಂದ ಬಂತು, ಅದನ್ನ ಓದೋದು ಹೇಗೆ, ನಮ್ಮ ಹೊಂಡದಲ್ಲೇ ಅಂಥ ಪರೀಕ್ಷೆ ಮಾಡೋದು ಹೇಗೆ ಅನ್ನೋದು ಈ ವಾರದ ಪಾಠ. ನಾನು ಓದಿದ್ದು ತೋಟಗಾರಿಕೆ, ಮೀನುಗಾರಿಕೆಯಲ್ಲ. ಆದ್ರೆ ಪ್ರಯೋಗದ ತಾಕು ಹಾಕೋ ವಿದ್ಯೆ ಮಾವಿಗೂ ಒಂದೇ, ಮೀನಿಗೂ ಒಂದೇ.

ಸೀಗಡಿಯವರು ಯಾಕೆ ಬದಲಿ ಹುಡುಕ್ತಿದ್ದಾರೆ

ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಸಾಕೋದು ವನಾಮಿ ಸೀಗಡಿ. ಇದು ಮೂಲತಃ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯದ್ದು. 2009ರಲ್ಲಿ ಇಲ್ಲಿ ವ್ಯಾಪಾರಕ್ಕಾಗಿ ಸಾಕೋಕೆ ಅನುಮತಿ ಸಿಕ್ತು. ಅದರ ಮೇವಿನಲ್ಲಿ ಸುಮಾರು 35% ಪ್ರೊಟೀನ್ ಇರಬೇಕು. ಸಾಕಣೆ ಖರ್ಚಿನಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತೆ.

ಆ ಪ್ರೊಟೀನ್‌ನ ಹಳೇ ಮೂಲ ಮೀನುಪುಡಿ. ನಮ್ಮ ಕರಾವಳಿಯಲ್ಲಿ ಬೂತಾಯಿ ಮೀನು ಊಟದ ತಟ್ಟೆಗೂ ಬರುತ್ತೆ, ಮೀನುಪುಡಿ ಕಾರ್ಖಾನೆಗೂ ಹೋಗುತ್ತೆ. ಜಗತ್ತಿನ ಲೆಕ್ಕದಲ್ಲಿ ದೊಡ್ಡ ಪಾಲು ಪೆರು ದೇಶದ ಆಂಚೊವಿ ಮೀನಿನದು. 2023ರಲ್ಲಿ ಸಮುದ್ರ ಬಿಸಿಯಾಗಿ, ಸಣ್ಣ ಮರಿಗಳೇ ಜಾಸ್ತಿ ಸಿಗ್ತಿವೆ ಅಂತ ಪೆರು ತನ್ನ ಮುಖ್ಯ ಮೀನುಗಾರಿಕೆ ಪ್ರದೇಶದ ಮೊದಲ ಹಂಗಾಮನ್ನೇ ರದ್ದು ಮಾಡಿತು. ಮೀನುಪುಡಿ ಬೆಲೆ ಏರಿತು. ಮೀನುಪುಡಿ ಬಿಟ್ಟು ಸೋಯಾ ಹಿಂಡಿಗೆ ಹೋಗೋಣ ಅಂದ್ರೆ ಅಲ್ಲೂ ನೆಮ್ಮದಿ ಇಲ್ಲ. 2021ರಲ್ಲಿ ಸೋಯಾ ಹಿಂಡಿ ದರ ಎಷ್ಟು ಏರಿತ್ತು ಅಂದ್ರೆ, ಕೇಂದ್ರ ಸರ್ಕಾರ 12 ಲಕ್ಷ ಟನ್ ಆಮದಿಗೆ ಅನುಮತಿ ಕೊಡಬೇಕಾಯ್ತು. ಆ ವರ್ಷ ಕೋಳಿ ಸಾಕಿದವರಿಗೆ ನೆನಪಿರುತ್ತೆ.

ಹಾಗಾಗಿ ಎಲ್ಲರೂ ಹೊಸದು ಹುಡುಕ್ತಿದ್ದಾರೆ. ಬಿಎಸ್‌ಎಫ್ ಹುಳ, ಎಥನಾಲ್ ಕಾರ್ಖಾನೆಯಲ್ಲಿ ಅಕ್ಕಿ ಮತ್ತು ಜೋಳದಿಂದ ಉಳಿಯೋ ಡಿಡಿಜಿಎಸ್, ಪಾಚಿ, ಬ್ಯಾಕ್ಟೀರಿಯಾ. ಬೆಂಗಳೂರಿನ ಸ್ಟ್ರಿಂಗ್ ಬಯೋ ಕಂಪನಿ ಮೀಥೇನ್ ಅನಿಲ ತಿನ್ನೋ ಬ್ಯಾಕ್ಟೀರಿಯಾ ಬೆಳೆಸಿ ಪ್ರೊಟೀನ್ ಪುಡಿ ಮಾಡುತ್ತೆ. ಚೆನ್ನೈನ ಸಿಬಾ, ಅಂದ್ರೆ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ, ನಮ್ಮಲ್ಲೇ ಸಿಗೋ ಸಾಮಗ್ರಿಯಿಂದ ‘ವನಾಮಿ ಪ್ಲಸ್’ ಅನ್ನೋ ಮೇವು ಮಾಡಿ ಬಿಟ್ಟಿದೆ.

ಕರ್ನಾಟಕದವರು ಮರೆತ ಒಂದು ಸಾಮಗ್ರಿ ಇದೆ, ರೇಷ್ಮೆ ಪ್ಯೂಪಾ. ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯೋ ಹುಳ. ಹಸಿ ಗೂಡಿನ ತೂಕದಲ್ಲಿ ದೊಡ್ಡ ಪಾಲು ಅದೇ. ಒಣಗಿಸಿದರೆ ಸುಮಾರು 50% ಪ್ರೊಟೀನ್, ಕಾಲು ಭಾಗಕ್ಕೂ ಮೇಲೆ ಕೊಬ್ಬು. ಇದನ್ನ ಮೀನಿಗೆ ಹಾಕಿ ನೋಡೋ ಕೆಲಸ ನಮ್ಮಲ್ಲಿ ಹೊಸದಲ್ಲ. 1990ರ ಆಸುಪಾಸಿನಲ್ಲೇ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಎಂ.ಸಿ. ನಂದೀಶ ಮತ್ತು ಸಂಗಡಿಗರು ಸಾಮಾನ್ಯ ಗೆಂಡೆಗೆ ಕೊಬ್ಬು ತೆಗೆಯದ ಪ್ಯೂಪಾ ಕೊಟ್ಟು ಪರೀಕ್ಷೆ ಮಾಡಿದ್ರು, ಗೆಂಡೆ ಅದರಲ್ಲಿ ಚೆನ್ನಾಗೇ ಬೆಳೀತು. ನಮ್ಮ ಹುಡುಗ ವಿದೇಶದ ಸೀಗಡಿ ಚಾರ್ಟ್ ನೋಡ್ತಿದ್ದಾನೆ, ಅವನ ಮೀನಿಗೇ ನಮ್ಮ ರಾಜ್ಯದಲ್ಲೇ ಮಾಡಿದ ಪ್ರಯೋಗ ಮೂವತ್ತು ವರ್ಷದಿಂದ ಬಿದ್ದಿದೆ! ಯಾಕಂದ್ರೆ ಪ್ಯೂಪಾ ಮಾರೋರು ಚಾರ್ಟ್ ಮಾಡಿಸಿ ಕಳಿಸಲ್ಲ.

ಚಾರ್ಟ್ ಓದೋದು ಹೇಗೆ

ಸೀಗಡಿ ಮೇವಿನ ಪರೀಕ್ಷೆ ಸಾಮಾನ್ಯವಾಗಿ ಹೀಗಿರುತ್ತೆ. ಒಂದು ಮಾಮೂಲಿ ಮೇವು ಮಾಡ್ತಾರೆ. ಅದರಲ್ಲಿರೋ ಮೀನುಪುಡಿಯಲ್ಲಿ ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ ತೆಗೆದು ಆ ಜಾಗಕ್ಕೆ ಹೊಸ ಸಾಮಗ್ರಿ ಹಾಕಿ ಬೇರೆ ಬೇರೆ ಮೇವು ಮಾಡ್ತಾರೆ. ಎಲ್ಲದರಲ್ಲೂ ಒಟ್ಟು ಪ್ರೊಟೀನ್ ಒಂದೇ ಇರಬೇಕು. ಒಂದೊಂದು ಮೇವಿಗೆ ಮೂರು ನಾಲ್ಕು ತೊಟ್ಟಿ. ಒಂದೇ ತೂಕದ ಸೀಗಡಿ ಮರಿ ಬಿಟ್ಟು ಎಂಟು ವಾರ ಸಾಕಿ ತೂಗ್ತಾರೆ. ಬೆಳವಣಿಗೆ, ಬದುಕುಳಿದವು ಎಷ್ಟು, ಒಂದು ಕೆ.ಜಿ. ಬೆಳೆಯೋಕೆ ಎಷ್ಟು ಮೇವು ತಿಂತು, ಈ ಮೂರನ್ನ ನೋಡ್ತಾರೆ.

ಇಲ್ಲಿ ನಾವು ಮೋಸ ಹೋಗೋ ಜಾಗ ಒಂದೆರಡಿವೆ. ‘ಮೀನುಪುಡಿಗೆ 100% ಬದಲಿ’ ಅಂದ್ರೆ ಮೇವಿನ ಪೂರ್ತಿ ಪ್ರೊಟೀನ್ ಹುಳದ್ದು ಅಂತಲ್ಲ. ಮೂಲ ಮೇವಿನಲ್ಲಿ ಮೀನುಪುಡಿ 100 ಕೆ.ಜಿ.ಗೆ 10 ಕೆ.ಜಿ. ಮಾತ್ರ ಇದ್ದರೆ ಬದಲಾಗಿದ್ದು ಆ 10 ಕೆ.ಜಿ. ಅಷ್ಟೇ. ಜೊತೆಗೆ ಸೋಯಾ ಹಿಂಡಿ, ಸ್ಕ್ವಿಡ್ ಪುಡಿ, ಮೀನೆಣ್ಣೆ, ಬೇರೆಯಾಗಿ ಸೇರಿಸಿದ ಮಿಥಿಯೋನಿನ್ ಎಲ್ಲಾ ಇರುತ್ತೆ. ಜಾಹೀರಾತಿನಲ್ಲಿ ಆ ಪಟ್ಟಿ ಇರಲ್ಲ. ಯಾವ ಪುಡಿ, ಎಷ್ಟು ಶೇಕಡಾ, ಉಳಿದಿದ್ದು ಏನು ಅಂತ ಮಾರೋರನ್ನ ಕೇಳಿ. ಉತ್ತರ ಬರದಿದ್ರೆ ಅದೇ ಉತ್ತರ ಅಂದ್ಕೊಳ್ಳಿ.

ವನಾಮಿ ಸೀಗಡಿಗೆ ಬಿಎಸ್‌ಎಫ್ ಪುಡಿ ಕೊಟ್ಟು ನೋಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಮೀನುಪುಡಿಯ ಕಾಲು ಭಾಗದೊಳಗೆ ಬದಲಿಸಿದರೆ ಸರಿ, ಅದಕ್ಕಿಂತ ಹೆಚ್ಚಾದಂತೆ ಬೆಳವಣಿಗೆ ಕುಗ್ಗುತ್ತೆ ಅನ್ನೋದು ಅದರ ಸಾರ. ಹುಳದ ಪುಡಿ ಕೆಟ್ಟದ್ದು ಅಂತ ಇದರರ್ಥ ಅಲ್ಲ, ಎಷ್ಟು ಹಾಕಬೇಕು ಅನ್ನೋದಕ್ಕೆ ಒಂದು ಮಿತಿ ಇದೆ ಅಂತ.

ಇನ್ನೊಂದು, ಸೀಗಡಿ ಬೇರೆ, ಗೆಂಡೆ ಬೇರೆ. ಸೀಗಡಿ ಮೇವನ್ನ ಕಾಲಲ್ಲಿ ಹಿಡಿದು ನಿಧಾನವಾಗಿ ಕಡಿದು ತಿನ್ನುತ್ತೆ, ಹಾಗಾಗಿ ಗುಳಿಗೆ ನೀರಲ್ಲಿ ಎರಡು ಗಂಟೆಯಾದರೂ ಕರಗದೆ ನಿಲ್ಲಬೇಕು. ಅದರ ದೇಹ ಕೊಲೆಸ್ಟ್ರಾಲ್ ತಯಾರು ಮಾಡಿಕೊಳ್ಳಲ್ಲ, ಮೇವಿನಲ್ಲೇ ಸಿಗಬೇಕು. ಮೀನುಪುಡಿಯಲ್ಲಿ ಅದಿದೆ, ಹಿಂಡಿಗಳಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಗೆಂಡೆಗೆ ಆ ತಾಪತ್ರಯ ಇಲ್ಲ. ಆದ್ರೆ ಸಾಮಾನ್ಯ ಗೆಂಡೆಗೆ ಜಠರವೇ ಇಲ್ಲ, ನೇರ ಕರುಳು. ಆಮ್ಲ ಇಲ್ಲದ್ದರಿಂದ ಮೂಳೆ ಪುಡಿಯ ರಂಜಕ ಅದಕ್ಕೆ ಸರಿಯಾಗಿ ದಕ್ಕಲ್ಲ. ಪಿಷ್ಟವನ್ನ ಮಾತ್ರ ಚೆನ್ನಾಗಿ ಅರಗಿಸುತ್ತೆ. ಹಾಗಾಗಿ ಸೀಗಡಿಯ ಚಾರ್ಟಿನಲ್ಲಿ ಗೆದ್ದದ್ದು ಗೆಂಡೆಯಲ್ಲಿ ಸೋಲಬಹುದು, ಅಲ್ಲಿ ಸೋತದ್ದು ಇಲ್ಲಿ ನಡೆಯಬಹುದು.

ಚೀಲದ ಮೇಲಿನ ಪ್ರೊಟೀನ್ ಅಂಕಿಯನ್ನೂ ಸ್ವಲ್ಪ ಅನುಮಾನದಿಂದ ನೋಡಿ. ಪ್ರಯೋಗಾಲಯದಲ್ಲಿ ಅಳೆಯೋದು ಸಾರಜನಕವನ್ನ. ಅದನ್ನ 6.25ರಿಂದ ಗುಣಿಸಿ ಪ್ರೊಟೀನ್ ಅಂತಾರೆ. ಹುಳದ ಚರ್ಮದ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಪ್ರೊಟೀನ್ ಅಲ್ಲ. ಅದಕ್ಕೇ ಬಿಎಸ್‌ಎಫ್ ಹುಳಕ್ಕೆ 4.76ರಿಂದ ಗುಣಿಸಬೇಕು ಅಂತ ಹೇಳೋ ಸಂಶೋಧಕರಿದ್ದಾರೆ. ಆ ಲೆಕ್ಕದಲ್ಲಿ 45% ಅಂತ ಬರೆದದ್ದು 34%ಕ್ಕೆ ಇಳಿಯುತ್ತೆ. ಯೂರಿಯಾ ಬೆರೆಸಿದರೂ ಇದೇ ಯಂತ್ರ ‘ಪ್ರೊಟೀನ್ ಜಾಸ್ತಿ’ ಅಂತಲೇ ತೋರಿಸುತ್ತೆ. ಮೀನುಪುಡಿಯಲ್ಲಿ ಈ ಕಲಬೆರಕೆ ಹಳೇ ಕಥೆ.

ನಾನು ಕೆಡಿಸಿಕೊಂಡದ್ದು

ಹೊಂಡದಲ್ಲಿ ಮೀನು ಬಿಟ್ಟ ಮೊದಲ ವರ್ಷ ನಾನೂ ಒಬ್ಬರ ಮಾತು ಕೇಳಿ, ಹಿಂಡಿ-ತೌಡು ನಿಲ್ಲಿಸಿ, ಇಡೀ ಹೊಂಡಕ್ಕೆ ಹೊಸ ಮೇವು ಶುರು ಮಾಡಿದೆ. ಜೊತೆಗೆ ಅಜೋಲಾ. ಸಾವಯವದವನು ನಾನು, ಅಜೋಲಾ ಅಂದ್ರೆ ಕಣ್ಣು ಮುಚ್ಚಿ ಹಾಕೋ ಕಾಲ ಅದು. ಹಸಿ ಅಜೋಲಾದಲ್ಲಿ 94 ಭಾಗ ನೀರೇ. ಒಂದು ಕೆ.ಜಿ. ಹಾಕಿದರೆ ಸಿಗೋ ಪ್ರೊಟೀನ್ ಹದಿನಾಲ್ಕು ಹದಿನೈದು ಗ್ರಾಂ ಅಷ್ಟೇ ಅನ್ನೋ ಲೆಕ್ಕ ಆಗ ಮಾಡಿರಲಿಲ್ಲ.

ಐದನೇ ವಾರ ಮೂರು ದಿನ ಮೋಡ ಮುಸುಕಿತ್ತು. ನಾಲ್ಕನೇ ದಿನ ಬೆಳಗಿನ ಜಾವ ಹೋಗಿ ನೋಡ್ತೀನಿ, ಮೀನೆಲ್ಲಾ ಮೇಲೆ ಬಂದು ಬಾಯಿ ಬಿಡ್ತಿವೆ. ಬೋರ್ ಆನ್ ಮಾಡಿ ನೀರನ್ನ ಎತ್ತರದಿಂದ ಬೀಳಿಸಿ ಒಂದಷ್ಟು ಉಳಿಸಿಕೊಂಡೆ. ಉಳಿದದ್ದನ್ನ ಬುಟ್ಟಿಯಲ್ಲಿ ತುಂಬಿ ತೆಂಗಿನ ಬುಡಕ್ಕೆ ಹೂತೆ.

ಮೇವು ಕೆಟ್ಟದ್ದಾ, ನಾನು ಜಾಸ್ತಿ ಹಾಕಿ ತಳದಲ್ಲಿ ಕೊಳೀತಾ, ಅಜೋಲಾ ಮುಚ್ಚಿ ಬೆಳಕು ತಪ್ಪಿತಾ, ಅಥವಾ ಬರೀ ಮೋಡದ ಹವೆಯಾ? ಇವತ್ತಿಗೂ ಹೇಳೋಕಾಗಲ್ಲ. ಹಳೇ ಮೇವು ತಿನ್ನೋ ಒಂದು ಮೀನೂ ಪಕ್ಕದಲ್ಲಿ ಇರಲಿಲ್ಲವಲ್ಲ, ಏನಕ್ಕೆ ಹೋಲಿಸಲಿ? ಕಾಲೇಜಿನಲ್ಲಿ ನಾಲ್ಕು ವರ್ಷ ‘ಕಂಟ್ರೋಲ್ ತಾಕು ಇಲ್ಲದೆ ಪ್ರಯೋಗ ಇಲ್ಲ’ ಅಂತ ಬರೆದು ಪಾಸಾದವನು, ಸ್ವಂತ ದುಡ್ಡು ಹಾಕುವಾಗ ಅದನ್ನೇ ಮರೆತಿದ್ದೆ.

ಹೊಂಡದೊಳಗೇ ಪ್ರಯೋಗ

ಅದಾದಮೇಲೆ ನಾನು ಮಾಡೋದು ಹಾಪಾ ಕಟ್ಟಿ. ಹಾಪಾ ಅಂದ್ರೆ ಬಲೆಯಿಂದ ಹೊಲಿದ ತೊಟ್ಟಿಲಿನ ಹಾಗಿರೋ ಚೀಲ, ನೀರಲ್ಲಿ ಇಳಿಬಿಡೋದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳ ಸಾಕು. ನೈಲಾನ್ ಬಲೆಯ ಕಣ್ಣು ನಾಲ್ಕೈದು ಮಿಲಿಮೀಟರ್ ಇರಲಿ, ತೀರಾ ಸಣ್ಣದಾದ್ರೆ ವಾರದಲ್ಲಿ ಪಾಚಿ ಕಟ್ಟಿ ನೀರು ಆಡಲ್ಲ. ಮೇಲ್ಗಡೆಗೂ ಬಲೆ ಮುಚ್ಚಿ, ಇಲ್ಲಾಂದ್ರೆ ಗೆಂಡೆ ಹಾರುತ್ತೆ, ಮಿಂಚುಳ್ಳಿ ಊಟ ಮಾಡುತ್ತೆ. ಮೇವು ಬಲೆಯ ಕಣ್ಣಿನಿಂದ ಸೋರಿಹೋಗದ ಹಾಗೆ ಒಳಗೆ ಒಂದು ಪ್ಲಾಸ್ಟಿಕ್ ತಟ್ಟೆ ನೇತುಹಾಕಿ ಅದರಲ್ಲೇ ಹಾಕಿ.

ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಗೂಟ ಹೊಡೆಯೋ ಹಾಗಿಲ್ಲ, ಹಾಳೆ ತೂತಾದ್ರೆ ನೀರಿಗೇ ಸಂಚಕಾರ. ದಡದಿಂದ ದಡಕ್ಕೆ ಎರಡು ಹಗ್ಗ ಬಿಗಿದು ಅದಕ್ಕೆ ಹಾಪಾ ಕಟ್ಟಿ, ಮೂಲೆಗೆ ಮರಳು ತುಂಬಿದ ಬಾಟಲಿ ಇಳಿಬಿಡಿ. ಹೊಂಡ ಜಾರುತ್ತೆ, ಈಜು ಬಂದರೂ ಹತ್ತೋಕಾಗಲ್ಲ. ಒಬ್ಬರೇ ಇಳಿಯಬೇಡಿ, ಗಂಟು ಹಾಕಿದ ಹಗ್ಗ ಒಂದು ಯಾವಾಗಲೂ ನೀರಿಗೆ ಇಳಿಬಿಟ್ಟಿರಲಿ. ನಮ್ಮ ತಾಲ್ಲೂಕುಗಳಲ್ಲಿ ಹೊಂಡಕ್ಕೆ ಬಿದ್ದವರ ಸುದ್ದಿ ನೀವೂ ಓದಿರ್ತೀರಿ.

ಎಷ್ಟು ಹಾಪಾ? ಇದು ಮುಖ್ಯ. ಹಳೇ ಮೇವಿಗೊಂದು, ಹೊಸ ಮೇವಿಗೊಂದು ಅಂತ ಎರಡೇ ಹಾಕಿದ್ರಿ ಅನ್ನಿ. ಎರಡು ಮೇವೂ ಒಂದೇ ಥರ ಇದ್ದರೂ ಬರೀ ಅದೃಷ್ಟದಿಂದ ಹೊಸದು ಗೆಲ್ಲೋ ಸಾಧ್ಯತೆ ಎರಡರಲ್ಲಿ ಒಂದು. ಎರಡೆರಡು ಹಾಕಿ, ಹೊಸ ಮೇವಿನ ಎರಡೂ ಹಾಪಾ ಹಳೇ ಎರಡಕ್ಕಿಂತ ಮೇಲೆ ಬಂದರೆ, ಅದು ಅದೃಷ್ಟದಿಂದ ಆಗೋದು ಆರರಲ್ಲಿ ಒಂದು ಸಲ. ಮೂರು ಮೂರು ಹಾಕಿದರೆ 20ರಲ್ಲಿ ಒಂದು. ನಾಲ್ಕು ನಾಲ್ಕಾದರೆ 70ರಲ್ಲಿ ಒಂದು. ನಾನು ಮೂರು ಮೂರು ಹಾಕ್ತೀನಿ, ಒಟ್ಟು ಆರು. ಯಾವ ಜಾಗಕ್ಕೆ ಯಾವ ಮೇವು ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡಿ. ನಿಮಗೆ ಬೇಕಾದ ಮೇವನ್ನ ಪೈಪಿನ ನೀರು ಬೀಳೋ ಕಡೆ ಇಡೋ ಆಸೆ ಎಲ್ಲರಿಗೂ ಬರುತ್ತೆ, ನನಗೂ ಬಂದಿತ್ತು.

ಸಾಧ್ಯವಾದ್ರೆ ಏಳನೇ ಹಾಪಾ ಒಂದು ಹಾಕಿ, ಅದಕ್ಕೆ ಮೇವೇ ಕೊಡಬೇಡಿ. ಹೊಂಡದ ಹಸಿರು ನೀರಿನಲ್ಲಿ ಸೂಕ್ಷ್ಮ ಜೀವಿಗಳಿರುತ್ತವೆ, ಮೀನು ಅದನ್ನೂ ತಿನ್ನುತ್ತೆ. ಏಳನೇ ಹಾಪಾ ಚೆನ್ನಾಗಿ ಬೆಳೆದರೆ ನಿಮ್ಮ ಎರಡು ಮೇವಿನ ವ್ಯತ್ಯಾಸವನ್ನ ನೀರೇ ಮುಚ್ಚಿಹಾಕ್ತಿದೆ ಅಂತ ಅರ್ಥ. ಸೀಗಡಿ ಸಂಶೋಧಕರು ತಿಳಿನೀರಿನ ತೊಟ್ಟಿ ಬಳಸೋದು ಇದಕ್ಕೇ. ತಿಳಿನೀರಲ್ಲಿ ಸೋತ ಮೇವು ಹಸಿರು ಹೊಂಡದಲ್ಲಿ ಪಾಸಾಗಬಹುದು, ಅದೂ ತಿಳ್ಕೊಳ್ಳೋಕೆ ಒಳ್ಳೇ ವಿಷಯವೇ. ಕಾಟ್ಲಾ ಮೀನು ಈ ಪರೀಕ್ಷೆಗೆ ಬೇಡ, ಅದು ನೀರಿನ ಜೀವಿಗಳನ್ನೇ ನಂಬಿ ಬದುಕೋದು. ಸಾಮಾನ್ಯ ಗೆಂಡೆ ಸರಿ, ರೋಹು ಆಗಬಹುದು.

ಹಾಪಾಕ್ಕೆ 20 ಮರಿ, ಒಂದೊಂದು ಸುಮಾರು 10 ಗ್ರಾಂ. ಆರೂ ಹಾಪಾದ ಒಟ್ಟು ತೂಕ ಸಮ ಇರೋ ಹಾಗೆ ಆರಿಸಿ. ಇಲ್ಲಿ ಸೋಮಾರಿತನ ಮಾಡಿದ್ರೆ ಮುಂದಿನ ಎಂಟು ವಾರ ದಂಡ.

ಮೇವು ಬೆರೆಸೋ ಲೆಕ್ಕ

ಎರಡೂ ಮೇವಿನಲ್ಲಿ ಪ್ರೊಟೀನ್ ಸಮ ಇಲ್ಲದಿದ್ರೆ ನೀವು ಪರೀಕ್ಷೆ ಮಾಡ್ತಿರೋದು ಸಾಮಗ್ರಿಯನ್ನಲ್ಲ, ಪ್ರೊಟೀನ್ ಪ್ರಮಾಣವನ್ನ. ಗೆಂಡೆಗೆ 30% ಗುರಿ ಇಟ್ಕೊಳ್ಳೋಣ. ಕಡ್ಲೆಹಿಂಡಿಯಲ್ಲಿ 42%, ಎಣ್ಣೆ ತೆಗೆದ ತೌಡಿನಲ್ಲಿ 14% ಅಂತ ಹಿಡಿದು ಚೌಕದ ಲೆಕ್ಕ ಮಾಡಿ. 30ರಲ್ಲಿ 14 ಕಳೆದರೆ 16, ಅದು ಹಿಂಡಿಯ ಪಾಲು. 42ರಲ್ಲಿ 30 ಕಳೆದರೆ 12, ಅದು ತೌಡಿನ ಪಾಲು. ಒಟ್ಟು 28 ಪಾಲಿನಲ್ಲಿ 16 ಅಂದ್ರೆ 57%. ಹಳೇ ಮೇವು ಅಂದ್ರೆ 100 ಕೆ.ಜಿ.ಗೆ ಹಿಂಡಿ 57, ತೌಡು 43.

ಹೊಸ ಮೇವಿನಲ್ಲಿ ಹಿಂಡಿಯನ್ನ ಅರ್ಧಕ್ಕೆ ಇಳಿಸಿ ಪ್ಯೂಪಾ ಹಾಕೋಣ. ಹಿಂಡಿ 28, ಪ್ಯೂಪಾ 24, ತೌಡು 48. ಪ್ರೊಟೀನ್ ಲೆಕ್ಕ: ಹಿಂಡಿಯಿಂದ 11.8, ಪ್ಯೂಪಾದಿಂದ 12, ತೌಡಿನಿಂದ 6.7, ಒಟ್ಟು 30.5. ಹತ್ತಿರ ಹತ್ತಿರ ಸಮ. ತೌಡು ಎಣ್ಣೆ ತೆಗೆದದ್ದೇ ಇರಲಿ. ಪ್ಯೂಪಾದಲ್ಲಿ ಮೊದಲೇ ಕೊಬ್ಬಿದೆ, ಗಿರಣಿಯ ಹಸಿ ತೌಡೂ ಸೇರಿದ್ರೆ ಕೊಬ್ಬು ವಿಪರೀತ ಆಗುತ್ತೆ, ಬೇಗ ಕಮಟು ಹಿಡಿಯುತ್ತೆ. ಬಿಎಸ್‌ಎಫ್ ಪುಡಿ ಪರೀಕ್ಷಿಸೋದಾದ್ರೂ ಇದೇ ದಾರಿ, ಅಂಕಿ ಮಾತ್ರ ಬದಲು. ಖನಿಜ ಮಿಶ್ರಣ ಎರಡಕ್ಕೂ ಒಂದೇ ಅಳತೆ.

ಹಿಂಡಿ ಕೊಳ್ಳುವಾಗ ಮುರಿದು ಮೂಸಿ. ಮಳೆಗಾಲದಲ್ಲಿ ಬೂಸ್ಟು ಹಿಡಿದ ಕಡ್ಲೆಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತೆ, ಬಿಸಿಲಿಗೆ ಹಾಕಿ ಒಣಗಿಸಿದ್ರೆ ವಾಸನೆ ಹೋಗುತ್ತೆ, ವಿಷ ಹೋಗಲ್ಲ. ಹತ್ತಿ ಹಿಂಡಿಯಲ್ಲಿ ಗಾಸಿಪಾಲ್ ಇದೆ, ಕೈ ಹಿಡಿತದಲ್ಲಿರಲಿ. ಬಿಎಸ್‌ಎಫ್ ಹುಳವನ್ನ ಏನು ತಿನ್ನಿಸಿ ಬೆಳೆಸಿದ್ರು ಅಂತ ಕೇಳಿ. ನಗರದ ಕಸ ತಿಂದ ಹುಳ ಕ್ಯಾಡ್ಮಿಯಂನಂಥ ಲೋಹವನ್ನ ಮೈಯಲ್ಲಿ ಇಟ್ಟುಕೊಳ್ಳುತ್ತೆ. ಹೋಟೆಲ್ ಮತ್ತು ತರಕಾರಿ ತ್ಯಾಜ್ಯದ್ದಾದ್ರೆ ನಾನು ತಗೊಳ್ತೀನಿ. ನನ್ನ ಹೊಂಡದ ನೀರು ಸೊಪ್ಪಿನ ಮಡಿಗೆ ಹೋಗೋದ್ರಿಂದ ನನಗೆ ಈ ಪ್ರಶ್ನೆ ಸಣ್ಣದಲ್ಲ.

ಎಲ್ಲಾ ಸಾಮಗ್ರಿ ಒಂದೇ ಜರಡಿಯಲ್ಲಿ ಹಿಡಿದು, ಅಂಟಿಗೆ ಎರಡಕ್ಕೂ ಒಂದೇ ಅಳತೆ ಗಂಜಿ ಹಾಕಿ, ಹಬೆಯಲ್ಲಿ ಬೇಯಿಸಿ, ಶಾವಿಗೆ ಒರಳಲ್ಲಿ ಒತ್ತಿ ನೆರಳಲ್ಲಿ ಒಣಗಿಸಿ ಮುರಿದುಕೊಳ್ಳಿ. ಶಾವಿಗೆ ಒರಳು ಬೇರೆಯದ್ದೇ ಇಟ್ಕೊಳ್ಳಿ. ಪ್ಯೂಪಾ ವಾಸನೆ ಅಮ್ಮನ ಒರಳಿಗೆ ಹಿಡಿದ್ರೆ ಮನೇಲಿ ನಿಮಗೆ ಊಟ ಇಲ್ಲ. ಒಣಗಿದ ಮೇಲೆ 10 ಗ್ರಾಂ ಗುಳಿಗೆಯನ್ನ ಬಲೆ ಚೀಲದಲ್ಲಿ ಕಟ್ಟಿ ಒಂದು ಗಂಟೆ ಬಕೆಟ್ ನೀರಲ್ಲಿಟ್ಟು, ತೆಗೆದು ಪೂರ್ತಿ ಒಣಗಿಸಿ ತೂಗಿ. ಒಂದು ಮೇವು ಎಂಟು ಗ್ರಾಂ ಉಳಿದು ಇನ್ನೊಂದು ಐದಕ್ಕೆ ಇಳಿದರೆ, ಅಂಟು ಸರಿಮಾಡದೆ ಪರೀಕ್ಷೆ ಶುರು ಮಾಡಬೇಡಿ. ಕರಗಿಹೋದ ಮೇವನ್ನ ಮೀನು ತಿಂತು ಅಂತ ಬರ್ಕೊಳ್ತೀರಿ.

ಗೌರಿ ಹಬ್ಬದಿಂದ ದೀಪಾವಳಿವರೆಗೆ

ಎಂಟು ವಾರ ಬೇಕು. ಗೌರಿ-ಗಣೇಶ ಹಬ್ಬಕ್ಕೆ ಮರಿ ಬಿಟ್ಟರೆ ದೀಪಾವಳಿಗೆ ಹತ್ತಿರ ಹತ್ತಿರ ಎಂಟು ವಾರ. ಹೊಂಡದಲ್ಲಿ ನೀರಿರುತ್ತೆ, ಚಳಿ ಇನ್ನೂ ಹಿಡಿದಿರಲ್ಲ. ಡಿಸೆಂಬರ್‌ನಲ್ಲಿ ಮಾಡಿದ್ರೆ ಗೆಂಡೆ ಮೇವು ತಿನ್ನೋದು ಕಮ್ಮಿಯಾಗಿ ಎರಡೂ ಮೇವು ಫೇಲ್ ಆದಂತೆ ಕಾಣಬಹುದು. ತರೀಕೆರೆಯ ನಾಲೆ ಬಯಲಿನವರಿಗೆ ಸ್ವಲ್ಪ ಆಚೀಚೆ ನಡೆಯುತ್ತೆ, ಕಡೂರಿನ ಬೋರ್ ನಂಬಿದವರಿಗೆ ನಡೆಯಲ್ಲ.

ದಿನಕ್ಕೆ ಮೀನಿನ ತೂಕದ 4% ಮೇವು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. 20 ಮರಿ 200 ಗ್ರಾಂ ಇದ್ದರೆ ದಿನಕ್ಕೆ ಎಂಟೇ ಗ್ರಾಂ, ಹಾಗಾಗಿ ಒಂದು ಗ್ರಾಂ ತೋರಿಸೋ ಅಡುಗೆಮನೆ ತಕ್ಕಡಿ ಬೇಕೇ ಬೇಕು. ಹದಿನೈದು ದಿನಕ್ಕೊಮ್ಮೆ ತೂಗಿ ಮೇವು ಹೆಚ್ಚಿಸಿ. ತೂಗೋ ಹಿಂದಿನ ದಿನ ಸಂಜೆಯಿಂದ ಉಪವಾಸ. ನೀರಿರೋ ಬಕೆಟ್ಟನ್ನ ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಮೀನು ಹಾಕಿ, ಅಂಕಿಯ ಫೋಟೊ ತೆಗೆದು ಬಿಡಿ. ನಿಮ್ಮೊಬ್ಬರದೇ ವಾಟ್ಸಾಪ್ ಗ್ರೂಪ್ ಮಾಡಿ ಅದರಲ್ಲಿ ಹಾಕ್ಕೊಂಡು ಹೋದ್ರೆ ದಿನಾಂಕ ತಾನೇ ಬರುತ್ತೆ, ನೋಟ್‌ಬುಕ್ ಕಳೆದುಹೋಗೋ ಗೋಳಿಲ್ಲ. ಸತ್ತ ಮೀನನ್ನೂ ತೂಗಿ ಬರೆದಿಡಿ. ಮೋಡ ಕವಿದ ದಿನ ಮೇವು ಕಮ್ಮಿ ಮಾಡೋದಾದ್ರೆ ಆರೂ ಹಾಪಾಕ್ಕೆ ಒಂದೇ ಸಮ ಕಮ್ಮಿ ಮಾಡಿ.

ಕೊನೆಗೆ ಒಂದೇ ಭಾಗಾಕಾರ. ಹಾಕಿದ ಮೇವು 1200 ಗ್ರಾಂ, ಮೀನಿನ ತೂಕ 200ರಿಂದ 800 ಗ್ರಾಂ ಆಯ್ತು ಅಂದ್ರೆ ಹೆಚ್ಚಿದ್ದು 600. 1200ನ್ನ 600ರಿಂದ ಭಾಗಿಸಿದರೆ 2. ಇದೇ ಎಫ್‌ಸಿಆರ್, ಮೇವು ಪರಿವರ್ತನಾ ಅನುಪಾತ. ಇದನ್ನ ಮೇವಿನ ದರದಿಂದ ಗುಣಿಸಿ. ಲೆಕ್ಕ ತಿಳಿಯೋಕೆ ಒಂದು ಊಹೆಯ ಅಂಕಿ ನೋಡಿ. ಹಳೇ ಮೇವು ಕೆ.ಜಿ.ಗೆ 40 ರೂಪಾಯಿ, ಎಫ್‌ಸಿಆರ್ 2. ಒಂದು ಕೆ.ಜಿ. ಮೀನು ಬೆಳೆಯೋಕೆ 80 ರೂಪಾಯಿ. ಹೊಸ ಮೇವು 34 ರೂಪಾಯಿ, ಎಫ್‌ಸಿಆರ್ 2.6. ಗುಣಿಸಿದರೆ 88 ರೂಪಾಯಿ ಚಿಲ್ಲರೆ. ಚೀಲಕ್ಕೆ ಅಗ್ಗ ಆದದ್ದು ಮೀನಿಗೆ ದುಬಾರಿ. ಮಾರೋರು ಯಾವಾಗಲೂ ಚೀಲದ ದರ ಹೇಳ್ತಾರೆ, ನೀವು ಮೀನಿನ ದರ ನೋಡಬೇಕು.

ಮೂರು ಮೂರು ಹಾಪಾದ ಅಂಕಿ ಒಂದರೊಳಗೊಂದು ಬೆರೆತುಹೋದ್ರೆ, ಅಂದ್ರೆ ಹಳೇದು ಒಂದು ಮೇಲೆ, ಹೊಸದು ಒಂದು ಮೇಲೆ ಬಂದ್ರೆ, ಬೇಜಾರು ಬೇಡ. ಬೆಳವಣಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣ್ತಿಲ್ಲ ಅಂತಾಯ್ತು, ಆಗ ಯಾವುದು ಅಗ್ಗವೋ, ವರ್ಷಪೂರ್ತಿ ಯಾವುದು ಸಿಗುತ್ತೋ ಅದನ್ನ ಹಿಡಿಯಿರಿ. ಒಂದು ಹಾಪಾದಲ್ಲಿ ಮಾತ್ರ ಮೀನು ಸತ್ತಿದ್ರೆ ಬಲೆ ಪಾಚಿ ಕಟ್ಟಿತ್ತಾ ಅಂತ ಮೊದಲು ನೋಡಿ, ಮೇವನ್ನ ಆಮೇಲೆ ಬೈಯಿರಿ. ಒಳ್ಳೇದು ಬಂದರೂ ಮುಂದಿನ ಹಂತ ಇಡೀ ಹೊಂಡವಲ್ಲ. ಎರಡು ಹೊಂಡ ಇದ್ದವರು ಒಂದಕ್ಕೆ ಹಾಕಿ, ಒಂದೇ ಇದ್ದವರು ಹಿಂಡಿಯ ಕಾಲು ಭಾಗ ಬದಲಿಸಿ ಶುರು ಮಾಡಿ.

ಈಗ ಹುಡುಗನ 50 ಕೆ.ಜಿ. ಚೀಲಕ್ಕೆ ಬರೋಣ. ಮೂರು ಹಾಪಾಕ್ಕೆ ಎಂಟು ವಾರಕ್ಕೆ ಬೇಕಾದ ಮೇವು ಸುಮಾರು 3.6 ಕೆ.ಜಿ. ಅದರಲ್ಲಿ 24 ಭಾಗ ಹೊಸ ಸಾಮಗ್ರಿ ಅಂದ್ರೆ 900 ಗ್ರಾಂ ಕೂಡ ಆಗಲ್ಲ. ಒಂದು ಕೆ.ಜಿ. ಸ್ಯಾಂಪಲ್ ಸಾಕು. “ಸ್ಯಾಂಪಲ್ ಕೊಡಲ್ಲ, ಚೀಲವೇ ತಗೋಬೇಕು” ಅಂದವರ ಹತ್ತಿರ ವ್ಯಾಪಾರ ಮುಂದುವರಿಸೋದು ಬಿಡೋದು ನಿಮಗೆ ಬಿಟ್ಟದ್ದು, ನಾನಂತೂ ಬಿಡ್ತೀನಿ. ಪ್ರೊಟೀನ್ ಪರೀಕ್ಷೆ ಮಾಡಿಸಬೇಕು ಅನ್ನಿಸಿದ್ರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಪಶು ಆಹಾರ ವಿಭಾಗದಲ್ಲಿ ವಿಚಾರಿಸಿ. ಮರಿ ಎಲ್ಲಿ ಸಿಗುತ್ತೆ, ಯಾವಾಗ ಬರುತ್ತೆ ಅಂತ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಹಬ್ಬದ ವಾರದಲ್ಲಿ ಹೋದ್ರೆ ಮರಿ ಖಾಲಿ.

ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಪುಡಿ ಮಾರೋರು ಮೊದಲು ಗೊಣಗಿ ಆಮೇಲೆ ಎರಡು ಕೆ.ಜಿ. ಕೊಟ್ಟರಂತೆ. ಬಲೆ ಬೀರೂರಿನಲ್ಲಿ ಹೊಲಿಸ್ತಿದ್ದಾನೆ. “ಅಣ್ಣಾ, ಪ್ಯೂಪಾನೂ ಸೇರಿಸಿ ಒಂಬತ್ತು ಹಾಪಾ ಮಾಡ್ಲಾ?” ಅಂದ. ಮಾಡು, ಆದ್ರೆ ಚೀಟಿ ನೀನು ಎತ್ತಬೇಡ, ನಿನ್ನ ತಂಗಿ ಕೈಲಿ ಎತ್ತಿಸು ಅಂದೆ.